ನಕಾಶೆಗಿಂತ ಮೊದಲು ಬಂದ ಹೆಸರು

ಅಮೀರಬಾಯಿ ಕರ್ನಾಟಕಿ ಎಂಬ ಹೆಸರಿನ ಕೊನೆಯ ಪದವನ್ನು ನಾವು ಸಾಮಾನ್ಯವಾಗಿ ಗಮನಿಸದೆ ಮುಂದೆ ಸಾಗುತ್ತೇವೆ. ಆ ಹೆಸರು ಗ್ರಾಮೊಫೋನ್ ತಟ್ಟೆಗಳ ಮೇಲೆ ಅಚ್ಚಾಗತೊಡಗಿದಾಗ ಭಾರತದ ನಕಾಶೆಯಲ್ಲಿ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಗಾಯಕಿ ಹುಟ್ಟಿದ ಬೀಳಗಿ ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಬೆಂಗಳೂರು, ಮೈಸೂರುಗಳು ಒಡೆಯರ ಸಂಸ್ಥಾನದಲ್ಲಿದ್ದವು. ನಾನು ಓಡಾಡಿಕೊಂಡಿರುವ ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್, ವಾಡಿಗಳು ಹೈದರಾಬಾದ್ ನಿಜಾಮರ ರಾಜ್ಯದೊಳಗಿದ್ದವು. ಈ ಚೂರುಗಳೆಲ್ಲ ಒಂದು ಆಡಳಿತದಡಿ ಬಂದದ್ದು 1956ರಲ್ಲಿ. ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅಷ್ಟರಲ್ಲಿ ಅಮೀರಬಾಯಿ ತೀರಿಕೊಂಡು ಎಂಟು ವರ್ಷಗಳಾಗಿದ್ದವು.

ಸಂಗೀತ, ಸಿನಿಮಾ ಮತ್ತು ಅವೆರಡನ್ನೂ ಹೊತ್ತು ತರುವ ಯಂತ್ರಗಳ ಬಗೆಗೆ ಬಿಡಿ ಲೇಖನಗಳನ್ನು ಬರೆದುಕೊಂಡಿರುವ ನನಗೆ ಈ ಗಾಯಕಿಯ ಬದುಕು ಮತ್ತೆ ಮತ್ತೆ ಎದುರಾಗುತ್ತದೆ. ಯಂತ್ರವೊಂದು ಒಬ್ಬ ಹೆಣ್ಣುಮಗಳನ್ನು ಹೇಗೆ ಎತ್ತರಕ್ಕೆ ಒಯ್ಯುತ್ತದೆ, ಅದೇ ಯಂತ್ರದ ಮುಂದಿನ ತಿರುವಿನಲ್ಲಿ ಹೇಗೆ ಬದಿಗೆ ಸರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಕನ್ನಡನಾಡಿನಲ್ಲಿ ನನಗೆ ಕಂಡಿಲ್ಲ. ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ. ಹಿಂದಿ, ಉರ್ದುಗಳಲ್ಲಿ ಹಾಡಿ ಹೆಸರು ಮಾಡಿದ ಕನ್ನಡತಿಯೊಬ್ಬರನ್ನು ಕನ್ನಡ ಸಂಸ್ಕೃತಿಯ ಲೆಕ್ಕಪತ್ರದಲ್ಲಿ ಎಲ್ಲಿ ಬರೆಯಬೇಕು? ಈ ಪ್ರಶ್ನೆ ಕಲ್ಯಾಣ ಕರ್ನಾಟಕದವರಾದ ನಮ್ಮನ್ನೂ ಕುರಿತದ್ದು.

ಬೀಳಗಿ ಇಂದು ಬಾಗಲಕೋಟೆ ಜಿಲ್ಲೆಯ ತಾಲ್ಲೂಕು ಕೇಂದ್ರ. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅಲ್ಲಿ ಹುಟ್ಟಿದ ಅಮೀರಬಾಯಿಯವರದು ಹಾಡು, ನಾಟಕಗಳ ಗಾಳಿಯಿದ್ದ, ಆದರೆ ಹಣಕಾಸಿನ ಅನುಕೂಲವಿಲ್ಲದ ಮನೆ. ಐವರು ಅಕ್ಕತಂಗಿಯರಲ್ಲಿ ಇಬ್ಬರು ಊರಿನ ಎಲ್ಲೆ ದಾಟಿ ಹೆಸರಾದರು. ಒಬ್ಬರು ಅಮೀರಬಾಯಿ, ಇನ್ನೊಬ್ಬರು ಗೋಹರಬಾಯಿ. ಅಂದಿನ ವಿಜಾಪುರ ಸೀಮೆಯಲ್ಲಿ ಕನ್ನಡ ನಾಟಕ ಕಂಪನಿಗಳು ಮರಾಠಿ ರಂಗಸಂಗೀತದ ಧಾಟಿಯನ್ನು ಕನ್ನಡಕ್ಕೆ ಒಗ್ಗಿಸಿಕೊಂಡಿದ್ದವು. ಮನೆಯಲ್ಲಿ ದಖ್ಖನಿ ಉರ್ದು, ಬೀದಿಯಲ್ಲಿ ಕನ್ನಡ, ರಂಗದ ಮೇಲೆ ಕನ್ನಡ ಮತ್ತು ಮರಾಠಿ ಎಂಬ ಸ್ಥಿತಿ ಅಲ್ಲಿನ ಮುಸ್ಲಿಂ ಕಲಾವಿದರಿಗೆ ತೀರ ಸಹಜವಾಗಿತ್ತು. ಸೇಡಂ, ಚಿತ್ತಾಪುರದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸಂತೆಗಳಲ್ಲಿ ಒಂದೇ ವ್ಯವಹಾರ ಮುಗಿಯುವಷ್ಟರಲ್ಲಿ ಮೂರು ಭಾಷೆಗಳು ಬಂದು ಹೋಗಿರುತ್ತವೆ.

ಚಿಕ್ಕ ಪ್ರಾಯದಲ್ಲೇ ಅಮೀರಬಾಯಿ ಮುಂಬೈ ಸೇರಿದರು. ಅವರಿಗೆ ಮೊದಲು ಬಾಗಿಲು ತೆರೆದದ್ದು ಗ್ರಾಮೊಫೋನ್. ಕಂಪನಿಗಾಗಿ ಹಾಡಿದ ಕವ್ವಾಲಿಯೊಂದು ಜನಪ್ರಿಯವಾಗಿ, ಅಲ್ಲಿಂದ ಸಿನಿಮಾ ದಾರಿ ಕಂಡಿತು. 1934ರಲ್ಲಿ ವಿಷ್ಣುಭಕ್ತಿ ಎಂಬ ಚಿತ್ರದಲ್ಲಿ ಅವರು ಮೊದಲ ಬಾರಿಗೆ ತೆರೆಯ ಮೇಲೆ ಕಾಣಿಸಿಕೊಂಡರು. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ ತೆರೆಕಂಡದ್ದೂ ಅದೇ ವರ್ಷ, ಮಾರ್ಚ್ 3ರಂದು. ಕನ್ನಡ ಚಿತ್ರರಂಗವೆಂಬುದೇ ಆಗ ಕಣ್ಣು ಬಿಡುತ್ತಿದ್ದ ಕೂಸು. ಹಾಡಿ ಹೊಟ್ಟೆ ಹೊರೆಯಬೇಕಾದವರಿಗೆ ಮುಂಬೈ ಬಿಟ್ಟರೆ ಬೇರೆ ಊರಿರಲಿಲ್ಲ.

ಆ ಕಾಲದ ತಟ್ಟೆಯ ಬಗೆಗೆ ಎರಡು ಮಾತು ಹೇಳಬೇಕು. ಅದು ಪ್ಲಾಸ್ಟಿಕ್ಕಿನದಲ್ಲ, ಅರಗಿನಿಂದ ಮಾಡಿದ, ಕೈತಪ್ಪಿದರೆ ಹಂಚಿನಂತೆ ಒಡೆಯುವ ವಸ್ತು. ನಿಮಿಷಕ್ಕೆ 78 ಸುತ್ತು ಸುತ್ತುವ ಅದರ ಒಂದು ಮಗ್ಗುಲಲ್ಲಿ ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷದ ಹಾಡು ಹಿಡಿಯುತ್ತಿತ್ತು. ಇಂದಿಗೂ ನಮ್ಮ ಸಿನಿಮಾ ಹಾಡಿನ ಉದ್ದ ಹೆಚ್ಚುಕಡಿಮೆ ಅದೇ ಅಳತೆಯ ಸುತ್ತ ಇದೆ. ತಟ್ಟೆ ಹೋದರೂ ಅದು ಹಾಕಿದ ಅಳತೆ ಹೋಗಿಲ್ಲ. 1925ರವರೆಗೆ ಗಾಯಕರು ತಗಡಿನ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ದನಿಯ ಒತ್ತಡವೇ ಮುಳ್ಳನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ವಿದ್ಯುತ್ ಮೈಕು ಬಂದ ಮೇಲೆ ಪಿಸುದನಿಯೂ ದಾಖಲಾಗುವಂತಾಯಿತು. ಅಮೀರಬಾಯಿಯವರು ಈ ಎರಡನೆಯ ಯುಗದ ಗಾಯಕಿ. ಆದರೆ ಅವರ ಕಿವಿ ಬೆಳೆದದ್ದು ಮೈಕಿಲ್ಲದ ನಾಟಕದ ಕಾಲದಲ್ಲಿ. ಈ ಎರಡರ ನಡುವಿನ ಎಳೆದಾಟವೇ ಅವರ ದನಿಯ ಸೊಗಸು ಎಂದು ನಾನು ತಿಳಿದಿದ್ದೇನೆ.

ಈ ತಟ್ಟೆಗಳು ನಮ್ಮ ಕಡೆಗೆ ಬಂದ ದಾರಿಯೂ ಕುತೂಹಲಕರ. ಮುಂಬೈಯಿಂದ ರಾಯಚೂರಿನವರೆಗಿನ ರೈಲುಮಾರ್ಗ 1871ರಲ್ಲಿ ಪೂರ್ಣಗೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಅಂದಿನಿಂದ ಮುಂಬೈಯ ಸರಕು ಹೈದರಾಬಾದಿಗೆ ಹೋಗಬೇಕಾದರೆ ವಾಡಿ ಜಂಕ್ಷನ್ನಿನಲ್ಲಿ ತಿರುಗಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳನ್ನು ಹಾದು ಹೋಗಬೇಕು. ಶಹಾಬಾದಿನ ಫರಸಿ ಕಲ್ಲು ಈ ಹಳಿಯ ಮೇಲೆ ಮುಂಬೈಗೆ ಹೋಗುತ್ತಿತ್ತು. ಮುಂಬೈಯ ಹಾಡು ಅದೇ ಹಳಿಯ ಮೇಲೆ ಇತ್ತ ಬರುತ್ತಿತ್ತು. ರೈಲಿಲ್ಲದ ಚಿಂಚೋಳಿಗೆ ಅದು ತಾಂಡೂರಿನಲ್ಲಿ ಇಳಿದು ಬಂಡಿ ಹತ್ತಿ ಬರಬೇಕಿತ್ತು. ಶಾಲೆಯಲ್ಲಿ, ಕಚೇರಿಯಲ್ಲಿ ಉರ್ದುವಿನಲ್ಲೇ ವ್ಯವಹರಿಸಬೇಕಾಗಿದ್ದ ಇಲ್ಲಿನ ಕನ್ನಡಿಗರು ಹೋಟೆಲಿನ ಗ್ರಾಮೊಫೋನಿನಲ್ಲಿ ಕೇಳಿದ್ದೂ ಉರ್ದು, ಹಿಂದಿ ಹಾಡುಗಳನ್ನೇ. ಆ ತಟ್ಟೆಗಳ ಪೈಕಿ ಕೆಲವುಗಳ ಮೇಲೆ ಮಾತ್ರ ಕರ್ನಾಟಕಿ ಎಂಬ ಪದವಿತ್ತು. ಸರ್ಕಾರದ ಯಾವ ಕಾಗದದಲ್ಲೂ ತಮ್ಮ ನಾಡಿನ ಹೆಸರು ಕಾಣದಿದ್ದವರಿಗೆ ಅದನ್ನು ತಂದುಕೊಟ್ಟದ್ದು ಒಂದು ಹಾಡಿನ ತಟ್ಟೆ.

ಇಲ್ಲೊಂದು ಮಾತನ್ನು ನಡುವೆ ಸೇರಿಸುತ್ತೇನೆ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು ಗಡಿ ಗುರುತಿಸಿದ ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲಿ ರೂಪುಗೊಂಡದ್ದು ಆ ಆಸ್ಥಾನದಲ್ಲಿ. ಸಾವಿರ ವರ್ಷ ಕಳೆದ ಮೇಲೆ ಅದೇ ಊರನ್ನು ಹಾದುಹೋದ ರೈಲಿನಲ್ಲಿ ಆ ನಾಡಿನ ಹೆಸರು ಅರಗಿನ ತಟ್ಟೆಯೊಂದರ ಮೇಲೆ ಅಚ್ಚಾಗಿ ಬರುತ್ತಿತ್ತು ಎಂಬುದನ್ನು ನೆನೆದಾಗ ನನಗೆ ಒಂದು ಬಗೆಯ ವಿಸ್ಮಯವಾಗುತ್ತದೆ.

ಅಕ್ಕತಂಗಿಯರ ದಾರಿಗಳು ಬೇರೆಬೇರೆಯಾದವು. ಬಾಲಗಂಧರ್ವರ ಗಾಯನವನ್ನು ಅವರ ಧಾಟಿಯಲ್ಲೇ ಹಾಡಬಲ್ಲವರಾಗಿದ್ದ ಗೋಹರಬಾಯಿ 1930ರ ದಶಕದ ಕೊನೆಯಲ್ಲಿ ಆ ಮಹಾನಟರ ಕಂಪನಿ ಸೇರಿದರು. ಸ್ತ್ರೀಪಾತ್ರಗಳಿಗಾಗಿಯೇ ಪ್ರಸಿದ್ಧರಾಗಿದ್ದ ಪುರುಷನ ಪಕ್ಕದಲ್ಲಿ ಸ್ತ್ರೀಯಾಗಿ ನಿಂತು ಹಾಡಿದರು, ಮುಂದೆ ಅವರ ಬಾಳಸಂಗಾತಿಯಾದರು. ಮರಾಠಿ ಅಭಿಮಾನಿಗಳಲ್ಲಿ ಅನೇಕರು ಇದನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಅಮೀರಬಾಯಿಯವರು ರಂಗದ ಗೊಡವೆಗೆ ಹೋಗದೆ ಸಿನಿಮಾದಲ್ಲೇ ಉಳಿದರು. ಮೊದಲ ಏಳೆಂಟು ವರ್ಷ ದೊಡ್ಡ ಯಶಸ್ಸೇನೂ ಸಿಗಲಿಲ್ಲ. ಪೌರಾಣಿಕ ಚಿತ್ರಗಳಲ್ಲಿ, ಸಂತರ ಕಥೆಗಳಲ್ಲಿ ಹಾಡುವ ಚಿಕ್ಕ ಪುಟ್ಟ ಪಾತ್ರಗಳು ದೊರೆತವು. 1940ರಲ್ಲಿ ವಿಜಯ್ ಭಟ್ ನಿರ್ದೇಶಿಸಿದ ನರಸೀ ಭಗತ್ ಚಿತ್ರದಲ್ಲಿ ಅವರಿದ್ದರು.

ತಿರುವು ಬಂದದ್ದು 1943ರಲ್ಲಿ. ಬಾಂಬೆ ಟಾಕೀಸ್ ಸಂಸ್ಥೆ ನಿರ್ಮಿಸಿದ, ಜ್ಞಾನ್ ಮುಖರ್ಜಿ ನಿರ್ದೇಶನದ ಕಿಸ್ಮತ್ ಆ ವರ್ಷ ತೆರೆಕಂಡಿತು. ಸಂಗೀತ ಅನಿಲ್ ಬಿಸ್ವಾಸ್ ಅವರದು, ಗೀತೆಗಳು ಕವಿ ಪ್ರದೀಪ್ ಅವರವು. ತೆರೆಯ ಮೇಲೆ ನಾಯಕಿ ಮುಮ್ತಾಜ್ ಶಾಂತಿ. ಹಿಂದಿನ ದನಿ ಅಮೀರಬಾಯಿ. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲೇ ಚಿತ್ರ ಮೂರು ವರ್ಷಕ್ಕೂ ಮೀರಿ ಓಡಿತು. ಅದರಲ್ಲಿ ಮೂರು ಬಗೆಯ ಅಮೀರಬಾಯಿ ಕೇಳಿಬರುತ್ತಾರೆ. ಮೊದಲನೆಯದು ದೇಶವೆಲ್ಲ ಹಾಡಿದ ದೇಶಭಕ್ತಿ ಗೀತೆ. ಕ್ವಿಟ್ ಇಂಡಿಯಾ ಚಳವಳಿ ನಡೆದು ತಿಂಗಳುಗಳಷ್ಟೇ ಕಳೆದಿದ್ದ ಕಾಲದಲ್ಲಿ, ಪರದೇಶದವರು ತೊಲಗಲಿ ಎಂಬ ಭಾವದ ಆ ಹಾಡಿನಲ್ಲಿ ಜರ್ಮನಿ, ಜಪಾನುಗಳ ಹೆಸರು ಬಂದದ್ದರಿಂದ ಅದು ಬ್ರಿಟಿಷ್ ಸೆನ್ಸಾರಿನ ಕೈಯಿಂದ ಪಾರಾಯಿತು; ತೊಲಗಬೇಕಾದವರು ಯಾರೆಂಬುದು ಪ್ರೇಕ್ಷಕರಿಗೆ ಗೊತ್ತೇ ಇತ್ತು. ಖಾನ್ ಮಸ್ತಾನರ ಜೊತೆಗೆ ಅಮೀರಬಾಯಿ ಅಲ್ಲಿ ನಾಟಕದ ದನಿಯನ್ನು ತೆರೆದಿದ್ದಾರೆ. ಎರಡನೆಯದು ಮನೆಮನೆಯಲ್ಲಿ ದೀಪಾವಳಿಯಿದ್ದರೂ ತನ್ನ ಮನೆಯಲ್ಲಿ ಕತ್ತಲೆ ಎನ್ನುವವಳ ಹಾಡು. ಮೂರನೆಯದು ಮೋಡಕ್ಕೆ ಮೆಲ್ಲಗೆ ಬರಹೇಳುವ ಹಾಡು. ನಿದ್ದೆ ಕೆಡಬಾರದೆಂಬ ಕಾಳಜಿಯೇ ಆ ಹಾಡಿನ ವಸ್ತುವಾದ್ದರಿಂದ ದನಿಯನ್ನು ಎಷ್ಟು ತಗ್ಗಿಸಬಹುದೋ ಅಷ್ಟು ತಗ್ಗಿಸಿದ್ದಾರೆ. ಮೈಕು ಎಂಬ ಯಂತ್ರದ ಗುಣವನ್ನು ಇಷ್ಟು ಚೆನ್ನಾಗಿ ಅರಿತ ಗಾಯನ ಆ ಕಾಲದಲ್ಲಿ ಅಪರೂಪ. ಈ ಮೂರರಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಇದೇ.

ಮರುವರ್ಷ ನೌಶಾದರ ರತನ್ ಬಂದಿತು. ಅದರಲ್ಲಿ ಜೊಹರಾಬಾಯಿ ಅಂಬಾಲೆವಾಲಿಯವರ ಬೀಸು ದನಿಯೂ ಅಮೀರಬಾಯಿಯವರ ತುಂಬು ದನಿಯೂ ಅಕ್ಕಪಕ್ಕದಲ್ಲಿ ಕೇಳಿಸುತ್ತವೆ. ಅದೇ ವರ್ಷದ ಭರ್ತೃಹರಿ ಚಿತ್ರದಲ್ಲಿ ಖೇಮ್‌ಚಂದ್ ಪ್ರಕಾಶರ ಸಂಗೀತಕ್ಕೆ, ನಟ ಸುರೇಂದ್ರರ ಜೊತೆ, ಭಿಕ್ಷೆ ಬೇಡಲು ಬಂದ ರಾಜನಿಗೂ ಅವನ ರಾಣಿ ಪಿಂಗಳೆಗೂ ನಡೆಯುವ ಸಂವಾದವನ್ನು ಹಾಡಿದರು. 1946ರ ರಾಣಕದೇವಿ ಚಿತ್ರದ ಹಾಡಿನಿಂದ ಗುಜರಾತಿಗಳಿಗೆ ತಮ್ಮವರಾದರು. ಕನ್ನಡ ಕೋಕಿಲ ಎಂಬ ಬಿರುದು ಅವರ ಹೆಸರಿಗೆ ಅಂಟಿತು. ಬಿರುದು ಕನ್ನಡದ್ದು, ಕೀರ್ತಿ ಹಿಂದಿಯದು ಎಂಬ ವೈಚಿತ್ರ್ಯ ಆಗ ಯಾರನ್ನೂ ಬಾಧಿಸಿದಂತಿಲ್ಲ.

ಈ ಏರುಗಾಲದ ಮನೆಯೊಳಗಿನ ಕಥೆ ಬೇರೆ. ಖಳಪಾತ್ರಗಳಿಗೆ ಹೆಸರಾದ ನಟ ಹಿಮಾಲಯವಾಲಾ ಅವರೊಂದಿಗಿನ ಮದುವೆ ಅಮೀರಬಾಯಿಯವರಿಗೆ ಹಿಂಸೆಯನ್ನೇ ತಂದಿತು. ದುಡಿದು ತಂದ ಹಣವೂ ಕೈಯಲ್ಲಿ ಉಳಿಯಲಿಲ್ಲ. ದೇಶದ ಪ್ರತಿ ಹೋಟೆಲಿನಲ್ಲಿ ಯಾರ ದನಿ ಕೇಳುತ್ತಿತ್ತೋ ಆ ಹೆಣ್ಣುಮಗಳ ಮಾತು ಸ್ವಂತ ಮನೆಯಲ್ಲಿ ನಡೆಯುತ್ತಿರಲಿಲ್ಲ. ವಕೀಲರೊಬ್ಬರ ನೆರವಿನಿಂದ ಅವರು ವಿಚ್ಛೇದನ ಪಡೆದು ಹೊರಬಂದರು. ಆ ಕಾಲದಲ್ಲಿ, ಪ್ರಸಿದ್ಧಿಯ ನಡುವೆ, ಒಬ್ಬ ಕಲಾವಿದೆ ಹೀಗೆ ಕಾನೂನಿನ ಮೂಲಕ ತನ್ನ ಬದುಕನ್ನು ಬಿಡಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ಅವರ ಬಗೆಗಿನ ಬರಹಗಳಲ್ಲಿ ಇದನ್ನು ದುಃಖದ ಪ್ರಸಂಗವಾಗಿ ಮಾತ್ರ ಹೇಳುವ ರೂಢಿಯಿದೆ. ನನಗೆ ಇದು ಕಿಸ್ಮತ್‌ನ ಹಾಡುಗಳಷ್ಟೇ ಮುಖ್ಯವಾದ ಸಾಧನೆಯಾಗಿ ಕಾಣುತ್ತದೆ. ದೇಶವಿಭಜನೆಯ ನಂತರ ಆ ನಟ ಪಾಕಿಸ್ತಾನಕ್ಕೆ ಹೋದರು. ಅಮೀರಬಾಯಿ ಇಲ್ಲಿಯೇ ಉಳಿದರು. ಮುಂದೆ ಪತ್ರಿಕಾ ಸಂಪಾದಕರೊಬ್ಬರನ್ನು ಮದುವೆಯಾದರು.

ಹೆಸರಿನ ವಿಷಯಕ್ಕೇ ಮತ್ತೆ ಬರುತ್ತೇನೆ. ಬಾಯಿ ಎಂಬ ಪದ ಆಗ ಹಾಡುವ ಹೆಂಗಸರ ಹೆಸರಿಗೆ ಅಂಟಿದ ಗುರುತಾಗಿತ್ತು, ಗೌರವದ ಜೊತೆಗೆ ಕೊಂಕನ್ನೂ ಹೊತ್ತದ್ದಾಗಿತ್ತು. 1940ರ ದಶಕದ ಕೊನೆಯಲ್ಲಿ ಆಕಾಶವಾಣಿಯೇ ಖಾಸಗಿ ಬದುಕಿನ ನೆಪದಲ್ಲಿ ಇಂಥ ಗಾಯಕಿಯರಲ್ಲಿ ಹಲವರಿಗೆ ಬಾಗಿಲು ಮುಚ್ಚಿತು. ಅಖ್ತರಿಬಾಯಿಯವರು ಮದುವೆಯ ನಂತರ ಬೇಗಂ ಅಖ್ತರ್ ಆದರು. ಎಷ್ಟೋ ಬಾಯಿಗಳು ದೇವಿಯರಾದರು. ಅಮೀರಬಾಯಿಯವರು ಬಾಯಿಯನ್ನೂ ಬಿಡಲಿಲ್ಲ, ಕರ್ನಾಟಕಿಯನ್ನೂ ಬಿಡಲಿಲ್ಲ.

1948ರಲ್ಲಿ ಅವರು ಶಹನಾಜ್ ಎಂಬ ಚಿತ್ರಕ್ಕೆ ಸಂಗೀತ ನೀಡಿದರು. ಹಿಂದಿ ಚಿತ್ರರಂಗದಲ್ಲಿ ಸಂಗೀತ ನಿರ್ದೇಶಕರ ಕುರ್ಚಿಯಲ್ಲಿ ಹೆಂಗಸರು ಕುಳಿತ ಉದಾಹರಣೆಗಳನ್ನು ಇಂದಿಗೂ ಬೆರಳೆಣಿಸಿ ಹೇಳಬಹುದು. ಆ ಸಾಲಿನಲ್ಲಿ ಬೀಳಗಿಯ ಹೆಸರಿದೆ. ನಮ್ಮ ಕಡೆಗೂ ಅದು ನೆನಪಿನಲ್ಲುಳಿಯುವ ವರ್ಷ. ರಜಾಕಾರರ ಹಾವಳಿ, ಊರು ಬಿಟ್ಟು ಓಡಿದ ಕುಟುಂಬಗಳು, ಸೆಪ್ಟೆಂಬರಿನ ಸೈನಿಕ ಕಾರ್ಯಾಚರಣೆ, ಅದರ ಬೆನ್ನಿಗೆ ಬಂದ ಇನ್ನೊಂದು ಸುತ್ತಿನ ನೋವು ಎಲ್ಲವೂ ಅದೇ ವರ್ಷದಲ್ಲಿ ಕೂಡಿಕೊಂಡಿವೆ. ಸೆಪ್ಟೆಂಬರ್ 17ರ ನಂತರ ಸೇಡಂ, ಚಿತ್ತಾಪುರಗಳು ಭಾರತದ ಭಾಗವಾದವು. ಉರ್ದುವಿನ ಜಾಗಕ್ಕೆ ಕನ್ನಡ ಮೆಲ್ಲಮೆಲ್ಲನೆ ಬಂದಿತು. ಆದರೆ ಉರ್ದು ಹಾಡನ್ನು ಕೇಳುವ ಕಿವಿಯನ್ನು ಯಾವ ಆಜ್ಞೆಯೂ ಬದಲಿಸಲಾರದು, ಬದಲಿಸಲೂ ಇಲ್ಲ.

ಅಮೀರಬಾಯಿಯವರ ಇಳಿಗಾಲ ಆರಂಭವಾದದ್ದು ಅದರ ಮರುವರ್ಷ. ಇಲ್ಲಿ ತಂತ್ರಜ್ಞಾನದ ಪಾತ್ರವನ್ನು ಸ್ವಲ್ಪ ಬಿಡಿಸಿ ನೋಡಬೇಕು. 1935ರವರೆಗೆ ತೆರೆಯ ಮೇಲೆ ಕಾಣುವವರೇ ಹಾಡಬೇಕಿತ್ತು. ಆ ವರ್ಷ ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನಲ್ಲಿ ನಿತಿನ್ ಬೋಸ್ ಮತ್ತು ರಾಯ್‌ಚಂದ್ ಬೋರಾಲ್ ಅವರು ಮೊದಲು ಹಾಡನ್ನು ಮುದ್ರಿಸಿಕೊಂಡು, ಅದನ್ನು ಚಿತ್ರೀಕರಣದ ವೇಳೆ ನುಡಿಸಿ ನಟರಿಂದ ತುಟಿಯಾಡಿಸುವ ಕ್ರಮವನ್ನು ತಂದರು. ಹಿನ್ನೆಲೆ ಗಾಯನ ಬಂದದ್ದರಿಂದಲೇ ಅಮೀರಬಾಯಿಯವರಿಗೆ ಕಿಸ್ಮತ್ ಸಿಕ್ಕಿತು. ಮುಖದಿಂದ ದನಿಯನ್ನು ಬೇರ್ಪಡಿಸದೆ ಹೋಗಿದ್ದರೆ ಅವರು ಚಿಕ್ಕ ಪಾತ್ರಗಳಲ್ಲೇ ಕಳೆದುಹೋಗುತ್ತಿದ್ದರು. ಆದರೆ ಒಮ್ಮೆ ದನಿ ಬೇರೆಯಾದ ಮೇಲೆ, ಎಲ್ಲ ಮುಖಗಳಿಗೂ ಒಂದೇ ದನಿ ಸಾಕು ಎಂಬ ಲೆಕ್ಕಾಚಾರಕ್ಕೂ ದಾರಿಯಾಯಿತು. 1949ರಲ್ಲಿ ಮಹಲ್ ಬಂದಿತು. ಅದರ ಪ್ರಸಿದ್ಧ ಹಾಡಿನ ತಟ್ಟೆಯ ಮೇಲೆ ಮೊದಲು ಅಚ್ಚಾದದ್ದು ಪಾತ್ರದ ಹೆಸರಾದ ಕಾಮಿನಿ; ಹಾಡಿದವರು ಲತಾ ಮಂಗೇಶ್ಕರ್. ರಾಗ ಹಾಕಿದವರು ಭರ್ತೃಹರಿಯಲ್ಲಿ ಅಮೀರಬಾಯಿಯವರಿಂದ ಹಾಡಿಸಿದ್ದ ಅದೇ ಖೇಮ್‌ಚಂದ್ ಪ್ರಕಾಶ್.

ಲತಾ ಅವರ ಪ್ರತಿಭೆಯ ಬಗೆಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಮೈಕಿಗೆ ತೆಳುದನಿಯೇ ಒಪ್ಪುತ್ತದೆ, ಹಳಬರ ದನಿ ಯಂತ್ರಕ್ಕೆ ಒಗ್ಗದೆ ಹಿಂದೆ ಸರಿಯಿತು ಎಂದು ಬರೆಯುವವರ ಮಾತನ್ನು ನಾನು ಒಪ್ಪಲಾರೆ. ಮೋಡದ ಹಾಡನ್ನು ಒಮ್ಮೆ ಕೇಳಿದವರಿಗೆ ಆ ವಾದ ನಿಲ್ಲುವುದಿಲ್ಲವೆಂದು ತಿಳಿಯುತ್ತದೆ. ಬದಲಾದದ್ದು ನಾಯಕಿ ಹೇಗಿರಬೇಕೆಂಬ ಕಲ್ಪನೆ. ಹೊಸ ಗಣರಾಜ್ಯದ ತೆರೆಯ ಮೇಲಿನ ನಾಯಕಿಗೆ ಎಳೆಯ, ನಿಷ್ಕಳಂಕ, ಊರು ಕೇರಿಗಳ ಗುರುತಿಲ್ಲದ ದನಿ ಬೇಕಾಯಿತು. ಅನುಭವದ ವಾಸನೆಯಿದ್ದ ದನಿಗಳು, ಅಮೀರಬಾಯಿ, ಜೊಹರಾಬಾಯಿ, ರಾಜಕುಮಾರಿ ಅಂಥವರ ದನಿಗಳು ಒಂದೊಂದಾಗಿ ಪಕ್ಕಕ್ಕೆ ಸರಿದವು. ಆ ಆಯ್ಕೆಯನ್ನು ಮಾಡಿದವರು ಮನುಷ್ಯರು. ಮೈಕಿನ ಮೇಲೆ ಹೊರೆ ಹೊರಿಸುವುದು ಸರಿಯಲ್ಲ.

ಅಮೀರಬಾಯಿಯವರು ಮುನಿಸಿಕೊಂಡು ಮನೆ ಸೇರಲಿಲ್ಲ. ಹಾಡು ಕಡಿಮೆಯಾದಾಗ 1950ರ ದಶಕದಲ್ಲಿ ಪೋಷಕ ಪಾತ್ರಗಳಲ್ಲಿ ನಟಿಸಿದರು. ಒಂದು ಕಾಲಕ್ಕೆ ನಾಯಕಿಯರ ದನಿಯಾಗಿದ್ದವರು ತೆರೆಯ ಮೇಲೆ ಮುಖವಾಗಿ ಉಳಿದರು, ದನಿ ಮಾತ್ರ ಬೇರೆಯವರ ಪಾಲಾಯಿತು. ವಿಜಯಪುರದಲ್ಲಿ ಅವರ ಹೆಸರಿನಲ್ಲಿ ಅಮೀರ್ ಟಾಕೀಸ್ ಎದ್ದಿತು.

ಕನ್ನಡದಲ್ಲಿ ಅವರನ್ನು ಕುರಿತು ಏನೂ ಆಗಿಲ್ಲವೆನ್ನುವುದು ತಪ್ಪಾದೀತು. ರಹಮತ್ ತರೀಕೆರೆಯವರು ಊರೂರು ಅಲೆದು, ಹಳೆಯ ತಟ್ಟೆ, ಚಿತ್ರ, ನೆನಪುಗಳನ್ನು ಕಲೆಹಾಕಿ ಅವರ ಬದುಕನ್ನು ಪುಸ್ತಕವಾಗಿಸಿದ್ದಾರೆ. ಆದರೆ ನಮ್ಮ ಸಂಗೀತದ ಚರಿತ್ರೆಗಳು ಹಿಂದೂಸ್ತಾನಿ ಘರಾಣೆಗಳ ಬಗೆಗೆ ಬರೆಯುತ್ತವೆ. ನಮ್ಮ ಸಿನಿಮಾ ಚರಿತ್ರೆಗಳು ಸತಿ ಸುಲೋಚನಾದಿಂದ ಆರಂಭಿಸಿ ಕನ್ನಡ ಚಿತ್ರಗಳನ್ನು ಎಣಿಸುತ್ತವೆ. ಇವೆರಡರ ಸಂದಿಯಲ್ಲಿ ಅಮೀರಬಾಯಿ ಸಿಗುವುದಿಲ್ಲ. ಕನ್ನಡ ಭಾಷೆಯಲ್ಲಿ ಆಗದ್ದನ್ನು ಕನ್ನಡದ್ದಲ್ಲ ಎನ್ನುವ ಅಳತೆಗೋಲು ಬೆಂಗಳೂರಿನಲ್ಲಿ ಸರಿಯಾಗಿ ಕಂಡೀತು. ವಾಡಿಯ ರೈಲ್ವೆ ಕಾಲೊನಿಯಲ್ಲಿ, ಶಹಾಬಾದಿನ ಕಲ್ಲುಗಣಿಗಳಲ್ಲಿ, ಚಿಂಚೋಳಿಯ ತೆಲುಗು ಗಡಿಯಲ್ಲಿ ಅದನ್ನು ಹಿಡಿದರೆ ಅರ್ಧ ಬದುಕು ಅಳತೆಯ ಹೊರಗೇ ಉಳಿಯುತ್ತದೆ. ಉರುಸಿನಲ್ಲಿ ಕವ್ವಾಲಿ ಕೇಳಿ, ಮರುದಿನ ಜಾತ್ರೆಯಲ್ಲಿ ಭಜನೆಗೆ ಕೂರುವ ಮನುಷ್ಯ ಯಾವ ಭಾಷೆಯ ಚರಿತ್ರೆಗೆ ಸೇರಿದವನು?

ಇಂದಿನ ಯಂತ್ರಗಳಿಗೂ ಈ ಗೊಂದಲ ಅಂಟಿಕೊಂಡಿದೆ. ಮೊಬೈಲಿನಲ್ಲಿ ಕಿಸ್ಮತ್‌ನ ಹಾಡು ಹುಡುಕಿದರೆ ಅನೇಕ ಕಡೆ ಚಿತ್ರದ ಹೆಸರೂ ನಾಯಕನ ಚಿತ್ರವೂ ಮುಂದೆ ಬರುತ್ತವೆ. ಗಾಯಕಿಯ ಹೆಸರು ಕೆಳಗೆಲ್ಲೋ ಅಮೀರಬಾಯಿ ಎಂದಷ್ಟೇ ಮೊಟಕಾಗಿರುತ್ತದೆ. ಹಳೆಯ ತಟ್ಟೆಯ ಚರಚರ ಸದ್ದನ್ನು ಅಳಿಸುವ ತಂತ್ರಾಂಶಗಳು ಈಗ ಎಲ್ಲರ ಕೈಗೆಟಕುತ್ತವೆ. ಸದ್ದಿನ ಜೊತೆಗೆ ಗಾಯಕಿಯ ಉಸಿರೂ ಹೋಗಿಬಿಡುವಂತೆ ಉಜ್ಜಿದ ಮುದ್ರಣಗಳನ್ನು ಕೇಳಿದ್ದೇನೆ. ಅಂಥವನ್ನು ನಾನು ಇಟ್ಟುಕೊಳ್ಳುವುದಿಲ್ಲ. ಶಹಾಬಾದಿನ ಗುಜರಿಯಲ್ಲಿ ಕೊಂಡ ಒಂದು ಸೀಳುತಟ್ಟೆ ನನ್ನಲ್ಲಿದೆ. ಪ್ರತಿ ಸುತ್ತಿಗೆ ಒಮ್ಮೆ ಟಕ್ಕೆನ್ನುವ ಅದರಲ್ಲಿ ಅವರು ಉಸಿರೆಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳಿಸುತ್ತದೆ.

ಗೋಹರಬಾಯಿ 1964ರಲ್ಲಿ ತೀರಿಕೊಂಡರು. ಪಾರ್ಶ್ವವಾಯುವಿಗೆ ತುತ್ತಾದ ಅಮೀರಬಾಯಿ 1965ರ ಮಾರ್ಚ್ 3ರಂದು ಮುಂಬೈಯಲ್ಲಿ ಕಣ್ಣು ಮುಚ್ಚಿದರು. ಸತಿ ಸುಲೋಚನಾ ತೆರೆಕಂಡ ದಿನಾಂಕವೂ ಅದೇ; ಆ ದಿನ ಕನ್ನಡ ಸಿನಿಮಾದ ಹುಟ್ಟನ್ನು ನೆನೆಯುವ ಸಭೆಗಳಲ್ಲಿ ಇವರ ಹೆಸರು ಬಂದದ್ದನ್ನು ನಾನು ಕೇಳಿಲ್ಲ. ದೇಹವನ್ನು ವಿಜಯಪುರಕ್ಕೆ ತಂದು ಮಣ್ಣು ಮಾಡಿದರು. ಮರುವರ್ಷ, 1966ರಲ್ಲಿ, ಕಲಬುರಗಿಗೆ ಆಕಾಶವಾಣಿ ಕೇಂದ್ರ ಬಂದಿತು. ಸೇಡಂ, ಚಿಂಚೋಳಿಗಳ ಮನೆಗಳಲ್ಲಿ ತಮ್ಮದೇ ಜಿಲ್ಲೆಯ ರೇಡಿಯೊ ಕನ್ನಡದಲ್ಲಿ ಮಾತನಾಡತೊಡಗಿದ್ದು ಆಗ.